ಅರ್ಧ ನಿಮಿಷ

ಹದಿನಾಲ್ಕು ವರ್ಷಗಳ ಮೇಲೆ ಅವಳು ಮತ್ತೆ ಓಡತೊಡಗಿದ್ದಳು. ಮೈ ಇಳಿಸಲು ಓಡು ಎಂದವನು ಗಂಡನೇ. ಮದುವೆಮನೆಯೊಂದರಲ್ಲಿ ಯಾರೋ ಅವಳನ್ನು ಅವನ ಅಕ್ಕ ಎಂದುಕೊಂಡಿದ್ದರು.

ದಿನಾ ಬೆಳಿಗ್ಗೆ ಸರಿಯಾಗಿ ಆರಕ್ಕೆ ಅವನು ಗೇಟಿನ ಬೀಗ ತೆಗೆದು, ಮೊಬೈಲಿನಲ್ಲಿ ಅಲಾರಂ ಇಡುತ್ತಿದ್ದ.

“ಇಪ್ಪತ್ತೈದು ನಿಮಿಷ. ಅಷ್ಟರೊಳಗೆ ಬಂದಿಲ್ಲ ಅಂದ್ರೆ ನಾನೇ ಬೈಕ್ ತಗೊಂಡು ಹುಡುಕ್ತೀನಿ. ಸಿಕ್ಕಿದ್ಮೇಲೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು.”

ರಸ್ತೆಯ ಕೊನೆ ಮುಟ್ಟಿ, ಏದುಸಿರು ಬಿಡುತ್ತಾ ಅವಳು ಹಿಂದಿರುಗುತ್ತಿದ್ದಳು. ಅವನು ಮತ್ತೆ ಬೀಗ ಹಾಕುತ್ತಿದ್ದ. ಮೂರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಯಿತು.

“ಸಾಕಲ್ವಾ ಇನ್ನು?” ಎಂದ ಒಂದು ದಿನ.

“ಇನ್ನೊಂದು ಅರ್ಧ ನಿಮಿಷ ಬೇಗ ಓಡ್ಬೇಕು.”

“ಅರ್ಧ ನಿಮಿಷಕ್ಕೆ ಯಾರು ನಿಂಗೆ ಕಪ್ ಕೊಡ್ತಾರೆ?” ಎಂದು ನಕ್ಕ.

ಸೋಮವಾರ ಅಲಾರಂ ಹೊಡೆಯಿತು. ಅವಳು ಬಂದಿರಲಿಲ್ಲ. ಅವನು ಬೈಕ್ ಹತ್ತಿದ. ರಸ್ತೆ ಮುಗಿಯುವುದು ರೈಲ್ವೆ ಸ್ಟೇಷನ್ನಿನ ಮುಂದೆ.

“ಇಲ್ಲಿ ದಿನಾ ಓಡೋಕೆ ಬರೋ ಹೆಂಗಸನ್ನ ನೋಡಿದ್ರಾ?” ಎಂದು ಅಲ್ಲಿನ ಟೀ ಅಂಗಡಿಯವನನ್ನು ಕೇಳಿದ.

“ಅಯ್ಯೋ ಪಾಪ, ದಿನಾ ಅರ್ಧ ನಿಮಿಷದಲ್ಲಿ ರೈಲು ತಪ್ಪಿಹೋಗ್ತಿತ್ತು ಸಾರ್. ಇವತ್ತು ಹತ್ತೇಬಿಟ್ರು.”