ಕೊಂಬೆಯ ಕೆಳಗಿನ ಮಚ್ಚೆ

“ಈ ಮಚ್ಚೆ ಯಾಕಮ್ಮ ಬರ್ದಿದ್ದೀರ? ಅಸಲಿ ಚಿತ್ರದಲ್ಲಿ ಇಲ್ವಲ್ಲ,” ಎಂದು ಗಂಗರಾಜು ಮೊಬೈಲನ್ನು ಚಿತ್ರದ ಪಕ್ಕಕ್ಕೆ ಹಿಡಿದಾಗ ನಾಹಿದ್ ಕುಂಚ ತೊಳೆಯುವುದನ್ನು ನಿಲ್ಲಿಸಿದಳು. ಬ್ರಿಟಿಷರ ಕಾಲದ ಹಕ್ಕಿಚಿತ್ರಗಳನ್ನು ಅವಳ ಕೈಯಲ್ಲಿ ನಕಲು ಮಾಡಿಸಿ ಮಾರುವ ಚಿಕ್ಕಬಳ್ಳಾಪುರದ ಅಂಗಡಿಯವನು ಅವನು. ಯಾವುದೋ ವಿದೇಶಿ ಮ್ಯೂಸಿಯಮ್ಮಿನವರು ಮೂಲಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಅದೇ ಚಂದ್ರಮುಕುಟ ಹಕ್ಕಿ, ಅದೇ ಒಣಕೊಂಬೆ. ಕೊಂಬೆಯ ಕೆಳಗೆ ಮಾತ್ರ ಕಾಗದ ಬೆಳ್ಳಗಿತ್ತು.

“ನಮ್ಮ ಅಬ್ಬ ಬರ್ದಿಟ್ಟಿದ್ರಲ್ಲಿ ಇದೆಯಲ್ಲಣ್ಣ,” ಎಂದು ಅವಳು ಟ್ರಂಕಿನಿಂದ ಹಳೆಯ ಹಾಳೆ ತೆಗೆದಳು. ತಂದೆ ತೀರಿಕೊಂಡ ಮೇಲೆ ಏಳು ವರ್ಷದಿಂದ ಆ ಹಾಳೆಯನ್ನು ನೋಡಿಯೇ ಬರೆಯುತ್ತಿದ್ದಳು. ಕಂದು ಮಚ್ಚೆಯನ್ನು ಉದುರಿದ ಎಲೆಯೆಂದುಕೊಂಡು, ಅದರ ಸುತ್ತುಸುತ್ತಿನ ಗೆರೆಗಳನ್ನೂ ಅವುಗಳನ್ನು ಅಡ್ಡಲಾಗಿ ಸೀಳಿದ ಬಿಳಿ ಗೀರನ್ನೂ ಒಂದೂ ತಪ್ಪದಂತೆ ಮೂಡಿಸುತ್ತಿದ್ದಳು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಾಗ ಅಬ್ಬನ ಎಡಗೈ ಹೆಬ್ಬೆರಳನ್ನು ನೂಲು ಕೊಯ್ದಿತ್ತು. ಗಾಯ ಮಾಯ್ದರೂ ಗೀರು ಉಳಿದಿತ್ತು. ಬರೆಯುವಾಗ ಕಾಗದ ಜಾರದಂತೆ ಅವರು ಬಣ್ಣ ಮೆತ್ತಿದ ಆ ಬೆರಳನ್ನು ಒತ್ತಿ ಹಿಡಿಯುತ್ತಿದ್ದುದು ಕೊಂಬೆಯ ಕೆಳಗೇ.

“ಇನ್ಮೇಲೆ ಅದೊಂದು ಬಿಟ್ಬಿಡಿ,” ಎಂದ ಗಂಗರಾಜು.

“ಆಯ್ತಣ್ಣ,” ಎಂದಳು. ಅವನು ಹೋದ ಮೇಲೆ ಹೊಸ ಕಾಗದ ಹಾಸಿಕೊಂಡಳು. ಹಿಡಿದುಕೊಳ್ಳಲು ಎಡಗೈ ತಾನಾಗಿಯೇ ಕೊಂಬೆ ಬರಬೇಕಾದ ಜಾಗದ ಕೆಳಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದು, ಹೆಬ್ಬೆರಳನ್ನು ದುಪಟ್ಟಾಕ್ಕೆ ಎರಡು ಸಲ ಒರೆಸಿ, ಮತ್ತೆ ಅಲ್ಲೇ ಇಟ್ಟಳು.