ಬೀದಿ ತುಂಬ ಅರಳೆ

ಪಟಾಕಿ ಪೆಟ್ಟಿಗೆಗಳನ್ನು ಕಾರಿನಲ್ಲಿ ಹೇರಿಕೊಂಡು ಸಂಜೆ ವಾಪಸು ಬಂದ ಬೀದಿ ಸಂಘದ ಅಧ್ಯಕ್ಷರಿಗೆ ತಮ್ಮ ಬೀದಿಯೇ ಸಿಗಲಿಲ್ಲ. ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ ಅದು ಇರಬೇಕಿತ್ತು. ಆದರೆ ಈ ತುದಿಯಿಂದ ಆ ತುದಿಯವರೆಗೆ, ಎದೆಮಟ್ಟ, ಬರೀ ಅರಳೆ. ಮೇಲೆ ಹೋಗುತ್ತಿದ್ದ ಮೋಡವೊಂದು ತನ್ನ ಕಡೆಯವರು ಯಾರೋ ಬಿದ್ದಿದ್ದಾರೆಂದು ತುಸು ಹೊತ್ತು ನಿಂತು ನೋಡಿ ಹೋಯಿತು. ಎರಡು ಕಾಗೆಗಳು ಇಳಿದವು. ಒಂದು ಮೇಲೆದ್ದಿತು, ಇನ್ನೊಂದು ಅಲ್ಲೇ ನಿದ್ದೆ ಹೋಯಿತು.

“ಏನಮ್ಮಾ ಇದು?” ಎಂದು ಅಧ್ಯಕ್ಷರು ಗರ್ಜಿಸಿದರು. ಬೆನ್ನ ಹಿಂದೆ ಅವರಿಗೆ ‘ಭೋಂಗಾ’, ಅಂದರೆ ಧ್ವನಿವರ್ಧಕದ ಕಹಳೆ, ಎಂಬ ಹೆಸರಿತ್ತು. ಅವರು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರು ಬೀದಿಗಳಾಚೆ ಜನ “ಹೌದಾ?” ಎನ್ನುತ್ತಿದ್ದರು.

ಅರಳೆಯ ನಡುವಿನಿಂದ ಹಾಸಿಗೆಯವಳ ತಲೆ ಎದ್ದಿತು. ಹಳೇ ಹಾಸಿಗೆ ಬಿಚ್ಚಿ, ಅರಳೆ ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿ ಹೊಲಿಯುವುದು ಅವಳ ಕಸುಬು. ಚಳಿಗೆ ಮುಂಚೆ ಇಡೀ ಬೀದಿ ತನ್ನ ಹಾಸಿಗೆಗಳನ್ನು ಅವಳಿಗೆ ಒಪ್ಪಿಸುತ್ತಿತ್ತು.

“ನಿಮ್ಮನಿಮ್ಮ ಹಾಸಿಗೆಗಳೇ, ಅಧ್ಯಕ್ಷರೇ. ಒಣಗಿಸ್ತಿದೀನಿ.”

“ಎಲ್ಲಾನೂ ಒಟ್ಟಿಗೆ ಬಿಚ್ತಾರೇನಮ್ಮಾ ಯಾರಾದ್ರೂ?”

“ಯಾರೂ ಬಿಚ್ಚಲ್ಲ. ಒಂದು ಬಿಚ್ಚಿ, ಅದನ್ನ ತುಂಬಿ, ಆಮೇಲೆ ಇನ್ನೊಂದು. ನಮ್ಮಪ್ಪ ಹಾಗೇ ಕಲಿಸಿದ್ದು. ಇವತ್ತು ಯಾಕೋ ಕೈ ತಡೀಲಿಲ್ಲ.”

ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಮಗಳ ಕಿವಿ ಅಂಥದ್ದು. ಮೂರನೇ ಮನೆಯ ಬೆಕ್ಕು ಹಾಲಿನ ಕಡೆ ನೋಡಿದರೂ ಅವಳಿಗೆ ಕೇಳಿಸುತ್ತಿತ್ತು. ಇದು ನಗುವ ಮಾತು. ನಗಲಾಗದ ಮಾತೆಂದರೆ, ಹಿಂದೊಮ್ಮೆ ಬಾಗಿಲೆದುರೇ ಪಟಾಕಿ ಸಿಡಿದಾಗ ಅವಳು ಹೊಲಿಗೆ ಯಂತ್ರದ ಕೆಳಗೆ ನುಗ್ಗಿ, ತನ್ನ ಮುಂಗೈಯನ್ನೇ ರಕ್ತ ಬರುವಂತೆ ಕಚ್ಚಿಕೊಂಡಿದ್ದಳು. ಕಿವಿ ಮುಚ್ಚುವ ದಪ್ಪ ಮುಚ್ಚಳಗಳನ್ನು ತಂದುಕೊಟ್ಟರೂ ಸಾಲಲಿಲ್ಲ. ಸದ್ದು ನೆಲದಿಂದ ಕಾಲಿಗೆ ಹತ್ತುತ್ತದೆ ಎನ್ನುತ್ತಿದ್ದಳು.

ಈಗ ಬೀದಿಯ ಹುಡುಗರು ವಾಲಿಬಾಲ್ ಕಪ್ ಗೆದ್ದಿದ್ದರು. ಗೆದ್ದ ಮೈದಾನದಲ್ಲೇ ಪಟಾಕಿ ಹಚ್ಚಿ, ಬೀದಿಯಲ್ಲಿ ಬೇಡ ಎಂದು ಬೆಳಿಗ್ಗೆ ಅವಳು ಅಧ್ಯಕ್ಷರ ಮನೆಗೇ ಹೋಗಿ ಬೇಡಿಕೊಂಡಿದ್ದಳು.

“ಊರಾಚೆ ಹೊಡೆದ್ರೆ ಯಾರಿಗಮ್ಮಾ ಕೇಳ್ಸುತ್ತೆ?” ಎಂದಿದ್ದರು ಅವರು. “ಮಗೂನ ತಂದು ನನ್ನ ಪಕ್ಕ ನಿಲ್ಲಿಸು. ನಾಲ್ಕು ಸಲ ಢಂ ಅಂದ್ರೆ ಐದನೇದಕ್ಕೆ ತಾನೇ ರೂಢಿ ಆಗುತ್ತೆ.”

“ಗೆದ್ದವರು ನಿಮ್ಮ ಹುಡುಗರು, ಶಿಕ್ಷೆ ನನ್ನ ಮಗಳಿಗೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ!” ಎಂದು ಮನೆಗೆ ಬಂದವಳೇ ಕತ್ತರಿ ಹಿಡಿದಿದ್ದಳು.

“ತೆಗಿ ಇದನ್ನೆಲ್ಲ! ಈಗಿಂದೀಗ್ಲೇ!” ಎಂದರು ಅಧ್ಯಕ್ಷರು.

“ತೆಗೀತೀನಿ, ಸರಿಯಾಗಿ ಒಣಗಲಿ. ನಿಮಗೆ ಅವಸರ ಇದ್ರೆ ಹಚ್ಚಿಬಿಡಿ, ನಾನೇನು ಬೇಡ ಅನ್ನಲ್ಲ. ಬೆಂಕಿಪೊಟ್ಟಣ ಇದೆಯಾ, ಕೊಡ್ಲಾ?”

ಅಧ್ಯಕ್ಷರು ಹಟಕ್ಕೆ ಬಿದ್ದು ಜೇಬಿಗೆ ಕೈ ಹಾಕಿದರು. ಆಗ ಅವರದೇ ಮನೆಯ ಮಹಡಿಯ ಕಿಟಕಿ ತೆರೆಯಿತು. ಅವರಿಗೆ ಆ ಗಂಟಲು ಎಲ್ಲಿಂದ ಬಂದದ್ದೆಂದು ಬೀದಿಗೆ ಗೊತ್ತಾದದ್ದು ಅಂದೇ.

“ಲೋ! ಕಡ್ಡಿ ಗೀರಿದ್ರೆ ಕಾಲು ಮುರೀತೀನಿ! ನನ್ನ ಮದುವೆ ಹಾಸಿಗೆ ಕಣೋ ಅದು! ನೀನು ಹುಟ್ಟಿದ್ದೇ ಅದರ ಮೇಲೆ!”

“ಅಯ್ಯೋ, ಸುಮ್ನಿರಮ್ಮಾ! ಇದರಲ್ಲಿ ಯಾವುದು ನಿನ್ನದು?”

“ನನಗೇನು ಗೊತ್ತು? ಎಲ್ಲಾ ಒಂದೇ ಥರ ಬೆಳ್ಳಗಿದೆ!”

ಈ ಮಾತು ಕೇಳಿದ್ದೇ ತಡ, ಬೀದಿಯ ಅಷ್ಟೂ ಕಿಟಕಿಗಳು ತೆರೆದವು. ಯಾರದು ಯಾವುದೆಂದು ತಿಳಿಯದ ಮೇಲೆ, ಪ್ರತಿ ಹಿಡಿ ಅರಳೆಯೂ ಪ್ರತಿಯೊಬ್ಬರದೂ ಆಯಿತು. ಕಪ್ ಗೆದ್ದ ಹುಡುಗರು ತಾವೂ ರಾತ್ರಿ ಮಲಗಬೇಕಾದವರೇ ಎಂದು ನೆನೆಸಿಕೊಂಡು, ಪೆಟ್ಟಿಗೆಗಳನ್ನು ಹೊತ್ತು ತಾವಾಗಿಯೇ ಮೈದಾನದ ದಾರಿ ಹಿಡಿದರು. ಜನವೂ ಹಿಂದೆ ಹೋಯಿತು. ಅಧ್ಯಕ್ಷರೂ ಒಂದು ಹೆಜ್ಜೆ ಇಟ್ಟರು.

“ನೀನೆಲ್ಲಿಗೋ? ಕಿಡಿ ಹಾರಿ ಬಂದ್ರೆ? ನೀರು ಸೇದಿಟ್ಟುಕೊಂಡು ಇಲ್ಲೇ ಕಾಯಿ!” ಎಂದಿತು ಕಿಟಕಿ.

ಹೊತ್ತು ಮುಳುಗಿತು. ಹಾಸಿಗೆಯವಳು ಮನೆಯ ಬಾಗಿಲನ್ನು ಅರ್ಧ ತೆರೆದು ನಿಂತಳು. “ಬರೋದಾದ್ರೆ ಬಾ ಮಗಳೇ. ಬೇಡ ಅಂದ್ರೆ ಬೇಡ.”

ಒಳಗಿನಿಂದ ಪ್ರಶ್ನೆ ಬಂತು. “ಮೊದಲು ಬಣ್ಣ ಬರುತ್ತಾ, ಸದ್ದು ಬರುತ್ತಾ?”

“ಮೊದಲು ಬಣ್ಣ. ಆಮೇಲೆ ಸದ್ದು. ಅದೂ ಅಷ್ಟು ದೂರದಿಂದ ನಡೆದು ಬರೋಕೆ ಮನಸ್ಸಾದ್ರೆ.”

ಹುಡುಗಿ ಕಿವಿಗೆ ಮುಚ್ಚಳ ಹಾಕಿಕೊಂಡು ಬಂದು, ಅರಳೆಯ ಮೇಲೇರಿ, ಸೊಂಟದವರೆಗೆ ಅದರಲ್ಲಿ ಹೂತು ಕೂತಳು. ದೂರದ ಮಾಳಿಗೆಗಳ ಮೇಲೆ ಕೆಂಪು ಅರಳಿತು. ಅವಳ ಭುಜಗಳು ಕಿವಿಯವರೆಗೆ ಏರಿದವು. ಅಮ್ಮ ಕೈ ಚಾಚಿದಳು. ಹಿಡಿಯಲಿಲ್ಲ, ಪಕ್ಕದಲ್ಲಿ ಇಟ್ಟಳಷ್ಟೆ. ಸದ್ದು ಮನೆಗಳನ್ನು ದಾಟಿ, ದಣಿದು, ಬೀದಿಯ ಅರಳೆಗೆ ಬಿದ್ದು ‘ಟುಪ್’ ಎಂದು ಸತ್ತಿತು. ಆಮೇಲೆ ಹಸಿರು. ಆಮೇಲೆ ನೀಲಿ. ಭುಜಗಳು ಇಳಿದವು. ಅವಳು ಒಂದು ಕಿವಿಯ ಮುಚ್ಚಳ ಸರಿಸಿದಳು, ಸ್ವಲ್ಪ ಕಾದಳು, ಇನ್ನೊಂದನ್ನೂ ಸರಿಸಿದಳು.

ಆಮೇಲೆ ಹುಬ್ಬು ಗಂಟಿಕ್ಕಿ ಆಚೆ ತಿರುಗಿದಳು. ಅಲ್ಲಿ ಅಧ್ಯಕ್ಷರು ಬಕೆಟ್ಟುಗಳ ನಡುವೆ ಕುಕ್ಕರಿಸಿ, ನೀರು ಹೊತ್ತ ಸುಸ್ತಿಗೆ ಬುಸುಬುಸು ಎನ್ನುತ್ತಿದ್ದರು.

“ಮಾಮಾ,” ಎಂದಳು ಹುಡುಗಿ, “ಸ್ವಲ್ಪ ಮೆಲ್ಲಗೆ ಉಸಿರಾಡಿ. ಪಟಾಕಿ ಸರಿಯಾಗಿ ಕೇಳಿಸ್ತಿಲ್ಲ.”