ಮಾತು ಮೀರದ ಮತದಾರರು

ಮಧ್ಯಾಹ್ನವಾದರೂ ಒಬ್ಬನೇ ಒಬ್ಬ ಕನ್ನಡಿಗ ಮತಗಟ್ಟೆಗೆ ಬರಲಿಲ್ಲ.

ಕೆನಡಾದ ಎರಿನ್ ಮಿಲ್ಸ್‌ನ ಶಾಲೆಯೊಂದರ ಜಿಮ್ಮಿನಲ್ಲಿ ಅಭ್ಯರ್ಥಿ ಚಂದ್ರಮೋಹನರು ಬಾಗಿಲನ್ನೇ ನೋಡುತ್ತ ಕೂತಿದ್ದರು. ಪಂಜಾಬಿಗಳು ಬಂದರು. ಪೋಲಿಷ್ ಅಜ್ಜಿಯೊಬ್ಬಳು ವಾಕರ್ ತಳ್ಳಿಕೊಂಡು ಬಂದಳು. ‘ಸಿಡಿನುಡಿ’ಯ ಓದುಗರು ಮಾತ್ರ ನಾಪತ್ತೆ.

‘ಸಿಡಿನುಡಿ’ ಅವರದೇ ಪಾಕ್ಷಿಕ. ಸಂಪಾದಕ, ವರದಿಗಾರ, ಮನೆಮನೆಗೆ ಹಂಚುವವ ಎಲ್ಲ ಅವರೇ. ಓದುಗರ ಓಲೆಗಳಲ್ಲಿ ಅರ್ಧ ಅವರದೇ. ಬೇಸ್‌ಮೆಂಟಿನಲ್ಲಿ ಮನೆ ಬಿಸಿಮಾಡುವ ಫರ್ನೇಸಿನ ಪಕ್ಕ ಕೂತು ಒಟ್ಟಾವಾದಿಂದ ದೆಹಲಿಯವರೆಗೆ ಎಲ್ಲ ಸರಕಾರಗಳನ್ನೂ ಉರುಳಿಸಿದ್ದರು. ಒಂದೂ ಉರುಳಿರಲಿಲ್ಲ. ಬರೆದು ಸಾಕಾಗಿ, 2018ರ ಈ ಚುನಾವಣೆಯಲ್ಲಿ ಒಂಟಾರಿಯೊ ಶಾಸನಸಭೆಗೆ ಪಕ್ಷೇತರರಾಗಿ ತಾವೇ ನಿಂತರು. ‘ನನ್ನ ಓದುಗರೇ ನನಗೆ ಓಟು ಹಾಕದಿದ್ದರೆ ಪತ್ರಿಕೆ ಮುಚ್ಚುತ್ತೇನೆ’ ಎಂದು ಮುಖಪುಟದಲ್ಲೇ ಶಪಥ ಬೇರೆ.

ಭಯವೇನೂ ಇರಲಿಲ್ಲ. ಪ್ರಚಾರಕ್ಕೆ ಹೋದಲ್ಲೆಲ್ಲ ಕಾಫಿ, ಕೋಡುಬಳೆ, ಒಂದೇ ಮಾತು: “ನಿಮ್ಮ ಮಾತು ಯಾವತ್ತಾದ್ರೂ ಮೀರಿದ್ದೀವಾ ಸಾರ್?” ಅವರ ಮುಖದ ಬೋರ್ಡನ್ನು ಅಂಗಳದಲ್ಲಿ ನೆಡಲು ಯಾರೂ ಬೇಡವೆನ್ನಲಿಲ್ಲ. ಶಿಷ್ಯನಂತಿದ್ದ ಇಂಜಿನಿಯರ್ ಲಕ್ಷ್ಮೀನಾರಾಯಣನಂತೂ ಅವರ ಹಳೆಯ ಸಂಪಾದಕೀಯವೊಂದಕ್ಕೆ ಫ್ರೇಮು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದ. ಯಾವ ಸಂಪಾದಕೀಯವೆಂದು ಚಂದ್ರಮೋಹನರು ನೋಡಲಿಲ್ಲ. ಅದರ ಮೇಲಿನ ತಮ್ಮ ಫೋಟೊ ನೋಡಿಕೊಂಡು ಬಂದರು. ಬರೆದದ್ದನ್ನು ಮರೆಯುವುದು ಅವರ ವೃತ್ತಿಧರ್ಮ.

ಬೆಳಗ್ಗೆ ಇಬ್ಬರೂ ಓಟು ಹಾಕಿದ ಮೇಲೆ ಹೆಂಡತಿ ಉಷಾ ಅಂದಿದ್ದರು: “ನಮ್ಮನೆ ಓಟು ಬಿತ್ತು ಕಣ್ರೀ. ಉಳಿದದ್ದೆಲ್ಲ ನಿಮ್ಮ ಬರವಣಿಗೆಯ ಮಹಿಮೆ.”

ಸಂಜೆಗೆ ತಾಳ್ಮೆ ಕೆಟ್ಟಿತು. ದ್ರೋಹ! ದೊಡ್ಡ ಪಕ್ಷದವರು ಇವರನ್ನೆಲ್ಲ ಕೊಂಡುಕೊಂಡಿದ್ದಾರೆ! ಮುಂದಿನ ಸಂಪಾದಕೀಯವನ್ನು ತಲೆಯಲ್ಲೇ ಬರೆಯುತ್ತ ಕಾರು ಓಡಿಸಿ, ಲಕ್ಷ್ಮೀನಾರಾಯಣನ ಬಾಗಿಲು ಗುದ್ದಿದರು.

“ಎಷ್ಟಕ್ಕೆ ಮಾರ್ಕೊಂಡ್ಯೋ?”

“ಏನನ್ನ ಸಾರ್?”

“ಓಟು ಕಣೋ, ಓಟು!”

ಲಕ್ಷ್ಮೀನಾರಾಯಣ ತಬ್ಬಿಬ್ಬಾದ. “ನಮಗೆಲ್ಲಿಂದ ಬರ್ಬೇಕು ಸಾರ್ ಓಟು? ಅದಕ್ಕೆ ಇಲ್ಲಿನ ಸಿಟಿಜನ್‌ಶಿಪ್ ಬೇಕಲ್ವಾ?” ಎನ್ನುತ್ತ ಭಕ್ತಿಯಿಂದ ಗೋಡೆ ತೋರಿಸಿದ.

ಈಗ ಚಂದ್ರಮೋಹನರು ತಲೆಬರಹ ಓದಿದರು. ‘ಪರದೇಶದ ಪಾಸ್‌ಪೋರ್ಟಿಗೆ ಕೈಚಾಚಿದವನು ಹೆತ್ತವಳನ್ನು ಮಾರಿದವನು!’

“ಯುಗಾದಿ ದಿನ ಪ್ರತಿಜ್ಞೆ ಮಾಡಿಸಿದ್ರಲ್ಲ. ಒಬ್ರೂ ಅರ್ಜಿ ಹಾಕ್ಲಿಲ್ಲ ಸಾರ್. ಅರೋರಾ ಊರಿನ ಆ ಸದಾಶಿವ ಒಬ್ಬ ಹಾಕಿದ. ನೀವು ಹೇಳಿದ ಹಾಗೇ ಅವನನ್ನ ಕನ್ನಡ ಸಂಘದಿಂದ ಆಚೆ ಹಾಕಿದ್ವಿ.”

ಚಂದ್ರಮೋಹನರು ಮೆಲ್ಲಗೆ ಬಾಗಿಲ ಕಡೆ ಸರಿದು ತಮ್ಮ ಶೂ ಹುಡುಕತೊಡಗಿದರು.

ಲಕ್ಷ್ಮೀನಾರಾಯಣ ಕೈಮುಗಿದ. “ನಾವೆಲ್ಲ ಅದನ್ನೇ ಮಾತಾಡ್ಕೊಂಡ್ವಿ ಸಾರ್. ಸಿಟಿಜನ್ ಆಗದೇ ಇದ್ರೂ ನಿಮ್ಮನ್ನ ಎಲೆಕ್ಷನ್ನಿಗೆ ನಿಲ್ಲಿಸಿಕೊಂಡಿದ್ದಾರೆ ಅಂದ್ರೆ, ಈ ದೇಶ ನಿಮಗೆ ಎಂಥಾ ಗೌರವ ಕೊಟ್ಟಿದೆ!”